ವಾರಂಟಿ ಮುಗಿದ ಮೇಲೆ ಕೆಟ್ಟ ಲ್ಯಾಪ್‌ಟಾಪ್: ವರ್ತಕನ ಹಕ್ಕು ಮತ್ತು ಹೊಣೆ

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಖಾತೆ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶ್ರೀಕಾರ ಬರೆಯುವ ಪದ್ಧತಿ ಈ ಭಾಗದ ಅಡತಿ ಅಂಗಡಿಗಳಲ್ಲಿ ಇಂದಿಗೂ ಉಳಿದುಬಂದಿದೆ. ಆದರೆ ಬಹಳಷ್ಟು ಅಂಗಡಿಗಳಲ್ಲಿ ಆ ಪುಸ್ತಕದ ಉಳಿದ ಪುಟಗಳು ಖಾಲಿಯಾಗಿಯೇ ಇರುತ್ತವೆ. ಕೀರ್ದಿ, ಖಾತೆ, ದಾಸ್ತಾನು, ಬರಬೇಕಾದ ಬಾಕಿ ಇವೆಲ್ಲವೂ ಮೇಜಿನ ಮೇಲಿನ ಒಂದು ಲ್ಯಾಪ್‌ಟಾಪಿನೊಳಗೆ ಸೇರಿವೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ, 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಪದ್ಧತಿ ಆರಂಭವಾದ ಮೇಲೆ, ಸಣ್ಣ ವರ್ತಕರಿಗೂ ಈ ಯಂತ್ರವು ತಕ್ಕಡಿಯಷ್ಟೇ ಅನಿವಾರ್ಯವಾಗಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಹಾಗೂ ಮಳಖೇಡ ಸಮೀಪದ ಆದಿತ್ಯನಗರದ ವ್ಯಾಪಾರವು ಬಹುಮಟ್ಟಿಗೆ ಸಿಮೆಂಟ್, ಶಹಾಬಾದ್ ಕಲ್ಲು ಮತ್ತು ತೊಗರಿಯನ್ನು ಆಧರಿಸಿದೆ. ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವವರು, ಲಾರಿ ಸಾಗಣೆದಾರರು, ಕಲ್ಲು ಪಾಲಿಶ್ ಘಟಕಗಳವರು, ದಾಲ್ ಮಿಲ್ ಮಾಲೀಕರು ಇವರೆಲ್ಲರೂ ಈ ಯಂತ್ರವನ್ನು ನಂಬಿದ್ದಾರೆ. ಅದು ಕೆಟ್ಟು ನಿಂತಾಗ, ಅದರಲ್ಲೂ ವಾರಂಟಿ ಮುಗಿದ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಾಗ, ದೂರವಾಣಿಯ ಆ ಬದಿಯಿಂದ ಬರುವ ಉತ್ತರವು ಎಂಥ ತಾಳ್ಮೆಯುಳ್ಳವರನ್ನೂ ಕೆಣಕುವಂಥದ್ದು. ಕಂಪನಿಯು ಹೀಗೆ ಕೈ ತೊಳೆದುಕೊಂಡರೆ ವರ್ತಕನಿಗೆ ಉಳಿಯುವ ಹಕ್ಕು ಯಾವುದು? ಈ ಪ್ರಶ್ನೆಗೆ ಇರುವ ಉತ್ತರವು 'ಜಾಗೋ ಗ್ರಾಹಕ್ ಜಾಗೋ' ಪ್ರಚಾರ ಫಲಕಗಳನ್ನು ಓದಿದವರು ಭಾವಿಸುವಷ್ಟು ಸರಳವಲ್ಲ.

ಒಂದು ಉದಾಹರಣೆ

ಶಹಾಬಾದ್ ಕಡೆಯ ಒಂದು ಕಲ್ಲು ಪಾಲಿಶ್ ಘಟಕವನ್ನು ಊಹಿಸಿಕೊಳ್ಳೋಣ. ಮಾಲೀಕರು, ಅವರ ಮಗ ಮತ್ತು ಆರು ಮಂದಿ ಕಾರ್ಮಿಕರು. ಲೆಕ್ಕಪತ್ರಕ್ಕೆ ಇರುವುದು ಒಂದೇ ಲ್ಯಾಪ್‌ಟಾಪ್. ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆ ನಮೂದಿಸಿ 48,000 ರೂಪಾಯಿಗೆ ಕೊಂಡದ್ದು. ವಾರಂಟಿ ಒಂದು ವರ್ಷ. ಹತ್ತನೆಯ ತಿಂಗಳಿನಲ್ಲಿ ಯಂತ್ರವು ಬಿಸಿಯೇರಿ ಎರಡು ಬಾರಿ ತಾನಾಗಿಯೇ ನಿಂತುಹೋಯಿತು. ಮಾಲೀಕರು ಕಂಪನಿಯ ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿದರು. ಸ್ವಲ್ಪ ಹೊತ್ತು ಆರಲು ಬಿಟ್ಟು ಮತ್ತೆ ಚಾಲೂ ಮಾಡಿ ಎಂಬ ಸಲಹೆ ಬಂದಿತು. ಯಂತ್ರ ಚಾಲೂ ಆಯಿತು. ದೂರಿನ ಸಂಖ್ಯೆಯನ್ನು ಅವರು ಕೇಳಲಿಲ್ಲ, ಅತ್ತಲಿನವರು ಕೊಡಲೂ ಇಲ್ಲ.

ಹದಿಮೂರನೆಯ ತಿಂಗಳ ಹದಿನೆಂಟನೆಯ ತಾರೀಖಿನಂದು ಯಂತ್ರವು ಪೂರ್ತಿ ಕಪ್ಪಾಯಿತು. ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಲು ಉಳಿದಿದ್ದುದು ಎರಡೇ ದಿನ. ಫೋನಿನಲ್ಲಿ ಒಂದು ಒತ್ತಿ, ಮೂರು ಒತ್ತಿ, ಕಾಯಿರಿ ಎಂಬ ಧ್ವನಿಮುದ್ರಿತ ಸೂಚನೆಗಳು ಮುಗಿದ ಮೇಲೆ ಒಬ್ಬ ಪ್ರತಿನಿಧಿ ದೊರೆತರು. ಯಂತ್ರದ ಕ್ರಮಸಂಖ್ಯೆಯನ್ನು ಕೇಳಿಕೊಂಡು, "ಸರ್, ನಿಮ್ಮ ಉತ್ಪನ್ನದ ವಾರಂಟಿ ಮುಗಿದಿದೆ" ಎಂದರು. ಮರುದಿನ ಬೇರೊಬ್ಬ ಪ್ರತಿನಿಧಿ. ಅವರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಮೂರನೆಯ ಕರೆಯಲ್ಲಿ ದುರಸ್ತಿಯ ಅಂದಾಜು ಸಿಕ್ಕಿತು: ಮದರ್‌ಬೋರ್ಡ್ ಬದಲಿಸಬೇಕು, 27,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 31,860 ರೂಪಾಯಿ. ಹೊಸ ಯಂತ್ರದ ಬೆಲೆಯ ಮೂರನೆಯ ಎರಡು ಪಾಲು!

ಈ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಆದರೆ ಇಂಥ ಸಂಭಾಷಣೆಯು ಅಪರಿಚಿತವೆನ್ನುವ ವರ್ತಕರು ವಿರಳ. ತೂಕದಲ್ಲಿ ಚೀಲಕ್ಕೆ ಒಂದು ಕಿಲೋ ಕಡಿಮೆ ಬಂದರೆ ಮರುಮಾತಿಲ್ಲದೆ ಸರಿಪಡಿಸಿಕೊಡುವುದು, ಒಡೆದ ಫರಸಿಯನ್ನು ಲೆಕ್ಕದಿಂದ ಕಳೆಯುವುದು ಪೇಟೆಯ ರೂಢಿ. ಹಾಗೆ ಬಾಳಿದವರಿಗೆ ಹೆಸರಿಲ್ಲದ, ಮುಖವಿಲ್ಲದ ಈ ಉತ್ತರವು ಹಣದ ನಷ್ಟಕ್ಕಿಂತಲೂ ಹೆಚ್ಚು ನೋವು ತರುತ್ತದೆ. ಆದರೂ ಸಿಟ್ಟನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸುವುದು ಒಳಿತು. ವಾರಂಟಿ ನಿಜಕ್ಕೂ ಮುಗಿದಿದೆಯೇ? ಆ ದುರಸ್ತಿ ನಿಜಕ್ಕೂ ಅಷ್ಟು ದುಬಾರಿಯೇ? ಕಾನೂನಿನ ದೃಷ್ಟಿಯಲ್ಲಿ ಈ ವರ್ತಕರು 'ಗ್ರಾಹಕ'ರೇ?

ವಾರಂಟಿಯ ದಿನಾಂಕ

ಕಂಪನಿಯ ಗಣಕಯಂತ್ರದಲ್ಲಿ ಕಾಣುವ ವಾರಂಟಿ ದಿನಾಂಕವು ಅನೇಕ ವೇಳೆ ಗ್ರಾಹಕರು ಕೊಂಡ ದಿನದಿಂದ ಎಣಿಸಿದ್ದಾಗಿರುವುದಿಲ್ಲ. ಕಾರ್ಖಾನೆಯಿಂದ ಅಥವಾ ವಿತರಕರಿಂದ ಸರಕು ಹೊರಟ ದಿನದಿಂದ ಎಣಿಸಿದ್ದಾಗಿರುತ್ತದೆ. ಯಂತ್ರವು ಅಂಗಡಿಯ ದಾಸ್ತಾನಿನಲ್ಲಿ ಮೂರು ತಿಂಗಳು ಉಳಿದಿದ್ದರೆ ಆ ಮೂರು ತಿಂಗಳು ಕೊಂಡವರ ಲೆಕ್ಕದಿಂದ ಕಳೆದುಹೋಗುತ್ತದೆ. ಖರೀದಿ ಬಿಲ್ಲಿನ ಪ್ರತಿಯನ್ನು ಕಳುಹಿಸಿ ಈ ದಿನಾಂಕವನ್ನು ತಿದ್ದಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಆದ್ದರಿಂದ ವಾರಂಟಿ ಮುಗಿದಿದೆ ಎಂಬ ಉತ್ತರ ಬಂದೊಡನೆ ಫೋನ್ ಇಡದೆ, ಯಾವ ದಿನಾಂಕದಿಂದ ಎಣಿಸಿದ್ದೀರಿ ಎಂದು ಕೇಳಬೇಕು. ಯಂತ್ರ ಕೊಂಡ ವಾರದಲ್ಲಿಯೇ ಕಂಪನಿಯ ಜಾಲತಾಣದಲ್ಲಿ ಕ್ರಮಸಂಖ್ಯೆ ನಮೂದಿಸಿ ದಿನಾಂಕವನ್ನು ನೋಡಿ, ತಪ್ಪಿದ್ದರೆ ಅಂದೇ ಸರಿಪಡಿಸಿಕೊಳ್ಳುವುದು ಇನ್ನೂ ಉತ್ತಮ.

ಎರಡನೆಯ ಸಂಗತಿ ಇದಕ್ಕಿಂತಲೂ ಮಹತ್ವದ್ದು. ವಾರಂಟಿ ಅವಧಿಯಲ್ಲಿ ಒಮ್ಮೆ ದಾಖಲಾದ ದೋಷವು ಮುಂದೆ ಅದೇ ರೂಪದಲ್ಲಿ ಮರುಕಳಿಸಿದರೆ, ಅದು ಹೊಸ ದೋಷವಲ್ಲ, ಹಳೆಯದರ ಮುಂದುವರಿಕೆ ಎಂದು ವಾದಿಸಲು ಬಲವಾದ ಆಧಾರ ದೊರೆಯುತ್ತದೆ. ನಮೂದಿಸಿದ ಉದಾಹರಣೆಯಲ್ಲಿ ಹತ್ತನೆಯ ತಿಂಗಳಿನ ಕರೆಗೆ ದೂರಿನ ಸಂಖ್ಯೆ ಇದ್ದಿದ್ದರೆ ಮಾಲೀಕರ ಸ್ಥಿತಿಯೇ ಬೇರೆಯಾಗುತ್ತಿತ್ತು. ಅವರು ಕಳೆದುಕೊಂಡದ್ದು ಒಂದು ತಿಂಗಳ ಅಂತರದಿಂದಲ್ಲ, ಬರೆದಿಟ್ಟುಕೊಳ್ಳದ ಒಂದು ಸಂಖ್ಯೆಯಿಂದ.

ದುರಸ್ತಿ ಏಕೆ ದುಬಾರಿ?

ಈ ಪ್ರದೇಶದಲ್ಲಿ ಲ್ಯಾಪ್‌ಟಾಪಿನ ಮೊದಲ ಶತ್ರು ಧೂಳು. ಕಲ್ಲಿನ ಹುಡಿ, ಸಿಮೆಂಟ್ ಧೂಳು ಮತ್ತು ದಾಲ್ ಮಿಲ್ಲಿನ ಹೊಟ್ಟು ಒಳಗಿನ ಸಣ್ಣ ಪಂಖದಲ್ಲಿಯೂ ಶಾಖವನ್ನು ಹೊರಹಾಕುವ ಲೋಹದ ಪಟ್ಟಿಗಳ ನಡುವೆಯೂ ಸೇರಿ ಗಾಳಿಯ ದಾರಿಯನ್ನು ಮುಚ್ಚುತ್ತವೆ. ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶವೇ 40 ಡಿಗ್ರಿ ದಾಟುವಾಗ ಒಳಗಿನ ಚಿಪ್ಪುಗಳು ಆರಲು ಆಸ್ಪದವಿರುವುದಿಲ್ಲ. ಬಿಸಿಯಾಗುವುದು, ಆರುವುದು, ಮತ್ತೆ ಬಿಸಿಯಾಗುವುದು ಹೀಗೆ ನಡೆದಂತೆ ಚಿಪ್ಪನ್ನು ಬೋರ್ಡಿಗೆ ಜೋಡಿಸಿದ ಬೆಸುಗೆಯು ಕ್ರಮೇಣ ಬಿರುಕು ಬಿಡುತ್ತದೆ. ವಿದ್ಯುತ್ ಒತ್ತಡದ ಏರಿಳಿತವು ಎರಡನೆಯ ಶತ್ರು. ಅದು ಚಾರ್ಜರನ್ನೂ, ಬೋರ್ಡಿನ ವಿದ್ಯುತ್ ಭಾಗವನ್ನೂ ಹಾಳುಮಾಡುತ್ತದೆ.

ಅಧಿಕೃತ ಸೇವಾ ಕೇಂದ್ರಗಳು ಸಾಮಾನ್ಯವಾಗಿ ಬೋರ್ಡಿನ ಮೇಲಿನ ಒಂದು ಬಿಡಿಭಾಗವನ್ನು ಬದಲಿಸುವುದಿಲ್ಲ, ಇಡೀ ಬೋರ್ಡನ್ನೇ ಬದಲಿಸುತ್ತವೆ. ಕೆಲವು ರೂಪಾಯಿ ಬೆಲೆಯ ಕೆಪಾಸಿಟರ್ ಸುಟ್ಟಿದ್ದರೂ ಅಂದಾಜು ಪಟ್ಟಿಯಲ್ಲಿ ಪೂರ್ತಿ ಮದರ್‌ಬೋರ್ಡಿನ ಬೆಲೆ ಬರುವುದು ಈ ಕಾರಣದಿಂದ. ಕಲಬುರಗಿ, ಹೈದರಾಬಾದಿನಂಥ ನಗರಗಳಲ್ಲಿ ಚಿಪ್ ಮಟ್ಟದ ದುರಸ್ತಿ ಮಾಡುವ ಸ್ವತಂತ್ರ ತಂತ್ರಜ್ಞರು ಸುಟ್ಟ ಭಾಗವನ್ನಷ್ಟೇ ಗುರುತಿಸಿ ಬದಲಿಸಬಲ್ಲರು. ಅನೇಕ ವೇಳೆ ದೋಷವು ಅಷ್ಟು ದೂರ ಹೋಗಿರುವುದೂ ಇಲ್ಲ. ಬೇರೊಂದು ಚಾರ್ಜರ್ ಹಾಕಿ ನೋಡಿದಾಗ ಅಥವಾ ರ‍್ಯಾಮ್ ತೆಗೆದು ಸ್ವಚ್ಛಗೊಳಿಸಿ ಮರಳಿ ಕೂಡಿಸಿದಾಗ ಚಾಲೂ ಆಗುವ ಯಂತ್ರಗಳೂ ಇವೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದನ್ನು ಒತ್ತದೆ, ಚಾರ್ಜ್ ಮಾಡದೆ, ತಿಳಿದವರ ಕೈಗೆ ಕೊಡಬೇಕು. ಅಂತೂ ಮೊದಲ ಅಂದಾಜನ್ನೇ ಕೊನೆಯ ಮಾತೆಂದು ತಿಳಿಯದೆ ಎರಡನೆಯ ಅಭಿಪ್ರಾಯ ಪಡೆಯುವುದು ಲಾಭದಾಯಕ. ಆದರೆ ವಾರಂಟಿಯ ವಿವಾದ ಇತ್ಯರ್ಥವಾಗುವ ಮೊದಲು ಹೊರಗಿನವರಿಂದ ಯಂತ್ರವನ್ನು ಬಿಚ್ಚಿಸಿದರೆ, ಕಂಪನಿಯು ಅದನ್ನೇ ನೆಪವಾಗಿಸಿಕೊಳ್ಳುವ ಸಂಭವವಿದೆ ಎಂಬುದನ್ನು ಮರೆಯಬಾರದು.

ಬಿಡಿಭಾಗ ಹಾಗೂ ತಾಂತ್ರಿಕ ಮಾಹಿತಿಯನ್ನು ತಯಾರಕರು ತಮ್ಮಲ್ಲಿಯೇ ಹಿಡಿದಿಟ್ಟುಕೊಳ್ಳುವುದರ ವಿರುದ್ಧ ದೇಶದಲ್ಲಿ ದನಿ ಎದ್ದಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು, ಸ್ವತಂತ್ರ ದುರಸ್ತಿಗಾರರಿಗೆ ಬಿಡಿಭಾಗ ಮತ್ತು ಮಾಹಿತಿ ಸಿಗದಂತೆ ಮಾಡಿದ ಕಾರಣಕ್ಕೆ 14 ಕಾರು ತಯಾರಕರಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಆದೇಶವನ್ನು ತಯಾರಕರು ಮೇಲಿನ ಹಂತಗಳಲ್ಲಿ ಪ್ರಶ್ನಿಸಿದರು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 'ದುರಸ್ತಿಯ ಹಕ್ಕು' ಕುರಿತು ಸಮಿತಿಯನ್ನು ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಇದಕ್ಕಾಗಿ ಒಂದು ಜಾಲತಾಣವನ್ನೂ ಆರಂಭಿಸಲಾಯಿತು. ಈ ಜಾಲತಾಣವು ಮಾಹಿತಿಯನ್ನು ಒದಗಿಸುತ್ತದೆಯೇ ಹೊರತು ಬಿಡಿಭಾಗ ಕೊಡಿಸುವ ಆದೇಶ ಹೊರಡಿಸುವುದಿಲ್ಲ.

ಯಂತ್ರಕ್ಕಿಂತ ಖಾತೆ ದೊಡ್ಡದು

ಉದಾಹರಣೆಯ ಮಾಲೀಕರ ನಿಜವಾದ ನಷ್ಟ 31,860 ರೂಪಾಯಿಯಲ್ಲ. ಜಿಎಸ್‌ಟಿಆರ್-3ಬಿ ತಡವಾದರೆ, ತೆರಿಗೆ ಕಟ್ಟಬೇಕಾದವರಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕವೂ ಬಾಕಿ ತೆರಿಗೆಗೆ ವಾರ್ಷಿಕ ಶೇಕಡಾ 18ರ ಬಡ್ಡಿಯೂ ಬೀಳುತ್ತವೆ. ಇದನ್ನು ಹೇಗೋ ಸಹಿಸಬಹುದು. ಮಾರಾಟದ ವಿವರಗಳ ಜಿಎಸ್‌ಟಿಆರ್-1 ತಪ್ಪಿದರೆ ಕೊಂಡವರ ಖಾತೆಯಲ್ಲಿ ಹೂಡುವಳಿ ತೆರಿಗೆ ಜಮೆ ಕಾಣುವುದಿಲ್ಲ. ಅವರು ಹಣ ತಡೆಹಿಡಿಯುತ್ತಾರೆ. ಸಲ್ಲಿಸಿದ ರಿಟರ್ನುಗಳನ್ನು ಜಿಎಸ್‌ಟಿ ಪೋರ್ಟಲಿನಿಂದ ಮರಳಿ ಪಡೆಯಬಹುದು. ಆದರೆ ಯಾರಿಂದ ಎಷ್ಟು ಬರಬೇಕು, ಯಾವ ಲಾರಿಯ ಬಾಡಿಗೆ ಉಳಿದಿದೆ, ಯಾವ ಗುತ್ತಿಗೆದಾರರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬ ಲೆಕ್ಕವನ್ನು ಯಾವ ಪೋರ್ಟಲೂ ಮರಳಿ ಕೊಡುವುದಿಲ್ಲ.

ಈ ವಿಷಯದಲ್ಲಿ ಕಾನೂನು ಹೊಣೆಯನ್ನು ನೇರವಾಗಿ ವರ್ತಕರ ಮೇಲೆಯೇ ಹೊರಿಸಿದೆ. ಕೇಂದ್ರ ಜಿಎಸ್‌ಟಿ ನಿಯಮಗಳ 57ನೆಯ ನಿಯಮದಂತೆ, ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವವರು ಅದರ ಸೂಕ್ತ ಬ್ಯಾಕಪ್ ಕಾಯ್ದುಕೊಳ್ಳಬೇಕು. ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆ ನಾಶವಾದರೆ ಯುಕ್ತ ಅವಧಿಯಲ್ಲಿ ಅದನ್ನು ಮರಳಿ ಪಡೆಯುವಂತಿರಬೇಕು. ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಆರು ವರ್ಷಗಳ ಈ ಹೊಣೆಯನ್ನು ಒಂದು ವರ್ಷದ ವಾರಂಟಿಯುಳ್ಳ ಯಂತ್ರದ ಮೇಲೆ ಬಿಟ್ಟಿರುವುದು ವ್ಯಾಪಾರದ ದೃಷ್ಟಿಯಿಂದ ದುಡುಕಿನ ಕೆಲಸ.

ಇಲ್ಲಿ ಅನೇಕರು ಅರಿಯದ ತೊಡಕೊಂದಿದೆ. ಇತ್ತೀಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಒಳಗಿನ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವ್ಯವಸ್ಥೆಯು, ಅಂದರೆ ಬಿಟ್‌ಲಾಕರ್ ಅಥವಾ ಸಾಧನ ಗೂಢಲೇಖನವು, ಹಲವು ವೇಳೆ ತಾನಾಗಿಯೇ ಚಾಲೂ ಆಗಿರುತ್ತದೆ. ಬೀಗದ ಕೀಲಿಕೈಯು ಮದರ್‌ಬೋರ್ಡಿನ ಸುರಕ್ಷತಾ ಚಿಪ್ಪಿಗೆ ಜೋಡಿಸಿಕೊಂಡಿರುತ್ತದೆ. ಬೋರ್ಡ್ ಬದಲಾದೊಡನೆ ಯಂತ್ರವು 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಕೇಳುತ್ತದೆ. ಆ ಸಂಖ್ಯೆಯು ಯಂತ್ರವನ್ನು ಮೊದಲು ಸಿದ್ಧಗೊಳಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದು. ಅಂಗಡಿಯ ಹುಡುಗನೊಬ್ಬ ತನ್ನ ಇ-ಮೇಲ್ ಹಾಕಿ ಸಿದ್ಧಗೊಳಿಸಿ, ಅನಂತರ ಕೆಲಸ ಬಿಟ್ಟಿದ್ದರೆ, ಸಾವಿರಾರು ರೂಪಾಯಿ ಕೊಟ್ಟು ದುರಸ್ತಿ ಮಾಡಿಸಿದ ಯಂತ್ರದಲ್ಲಿ ಖಾತೆಗಳು ಕಣ್ಣೆದುರೇ ಇದ್ದೂ ಇಲ್ಲದಂತಾಗುತ್ತವೆ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಆ ಸಂಖ್ಯೆಯನ್ನು ಮುದ್ರಿಸಿ ತಿಜೋರಿಯಲ್ಲಿಡುವುದು ಅಗತ್ಯ.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಬ್ಯಾಕಪ್ಪಿಗೆ ಚೆನ್ನಾಗಿ ಒಪ್ಪುತ್ತದೆ. ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ಲೆಕ್ಕದ ಒಂದು ಪ್ರತಿ ಹೊರಗಿನ ಡಿಸ್ಕಿಗೆ. ವಾರಕ್ಕೊಮ್ಮೆ ಇನ್ನೊಂದು ಪ್ರತಿ ಮನೆಯಲ್ಲಿಡುವ ಡಿಸ್ಕಿಗೆ ಅಥವಾ ಅಂತರಜಾಲದ ಸಂಗ್ರಹಕ್ಕೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡುವುದು. ಕೊನೆಯದನ್ನು ಬಹಳ ಮಂದಿ ಮಾಡುವುದಿಲ್ಲ. ತೆರೆಯದ ಬ್ಯಾಕಪ್ ಇದ್ದರೂ ಇಲ್ಲದಂತೆಯೇ.

ವರ್ತಕರು 'ಗ್ರಾಹಕ'ರೇ?

ಇನ್ನು ಕಾನೂನಿನ ಪ್ರಶ್ನೆ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ವಾಣಿಜ್ಯ ಉದ್ದೇಶಕ್ಕಾಗಿ ವಸ್ತು ಅಥವಾ ಸೇವೆ ಪಡೆದವರನ್ನು ಗ್ರಾಹಕರ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ವಸ್ತುವನ್ನು ಕೊಂಡು ತಾವೇ ಬಳಸುವವರಿಗೆ ಈ ನಿರ್ಬಂಧವಿಲ್ಲ. 1986ರ ಹಳೆಯ ಕಾಯ್ದೆಯಲ್ಲಿಯೂ ಇದೇ ತತ್ತ್ವವಿತ್ತು.

ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಸುಪ್ರೀಂ ಕೋರ್ಟ್ 1995ರ ಏಪ್ರಿಲ್ 4ರಂದು ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ವಿವರಿಸಿತು. ಸಣ್ಣ ಕೈಗಾರಿಕೆಯಾಗಿ ನೋಂದಾಯಿತವಾಗಿದ್ದ ಆ ಏಕಮಾಲೀಕ ಸಂಸ್ಥೆಯು ಕೊಂಡ ಯಂತ್ರವು ತಡವಾಗಿ ಬಂದು, ದೋಷಪೂರಿತವೂ ಆಗಿತ್ತೆಂಬುದು ದೂರು. ರಾಜ್ಯ ಆಯೋಗವು ಸಂಸ್ಥೆಯ ಪರವಾಗಿ ಆದೇಶಿಸಿತ್ತು. ರಾಷ್ಟ್ರೀಯ ಆಯೋಗ ಅದನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಸಹ ಸಂಸ್ಥೆಯು ಗ್ರಾಹಕನಲ್ಲವೆಂದು ತೀರ್ಮಾನಿಸಿತು. ಅದೇ ತೀರ್ಪಿನಲ್ಲಿ ಸಣ್ಣ ದುಡಿಮೆಗಾರರಿಗೆ ಅನುಕೂಲವಾದ ಉದಾಹರಣೆಗಳೂ ಇವೆ. ತಾನೇ ಓಡಿಸಲು ಆಟೋರಿಕ್ಷಾ ಕೊಂಡವನು, ತಾನೇ ನಡೆಸಲು ಲೇತ್ ಯಂತ್ರ ಕೊಂಡವನು ಗ್ರಾಹಕನೇ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಸ್ಥಾನ ತಪ್ಪುವುದಿಲ್ಲ.

2025ರ ನವೆಂಬರಿನಲ್ಲಿ ಪಾಲಿ ಮೆಡಿಕ್ಯೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಚಾರವನ್ನು ಗಣಕ ಕ್ಷೇತ್ರಕ್ಕೆ ಅನ್ವಯಿಸಿತು. ಕಂಪನಿಯೊಂದು ತನ್ನ ವ್ಯವಹಾರ ಪ್ರಕ್ರಿಯೆಗಳಿಗಾಗಿ ಕೊಂಡ ತಂತ್ರಾಂಶವು ಲಾಭ ಗಳಿಕೆಯೊಡನೆ ಸಂಬಂಧ ಹೊಂದಿದ್ದು, ಆ ಖರೀದಿಯು ವಾಣಿಜ್ಯ ಉದ್ದೇಶದ್ದು ಎಂದು ಅದು ಹೇಳಿತು. ಇದಕ್ಕೆ ಮುಂಚೆ, 2024ರ ಮೇ ತಿಂಗಳಿನ ಶ್ರೀರಾಮ್ ಚಿಟ್ಸ್ ತೀರ್ಪಿನಲ್ಲಿ, ಸೇವೆಯನ್ನು ವಾಣಿಜ್ಯ ಉದ್ದೇಶಕ್ಕೆ ಪಡೆದರೆಂದು ಸಾಬೀತುಪಡಿಸುವ ಭಾರ ಸೇವೆ ಒದಗಿಸಿದವರ ಮೇಲಿದೆ ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತ್ತು.

ಈ ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಸೇಡಂ ಬಸ್ ನಿಲ್ದಾಣದ ಎದುರು ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಇಟ್ಟುಕೊಂಡು ಅರ್ಜಿ ತುಂಬಿಕೊಟ್ಟು ಬದುಕುವವರು ಗ್ರಾಹಕರೆಂದು ಧೈರ್ಯವಾಗಿ ದೂರು ನೀಡಬಹುದು. ತಾವೇ ಕುಳಿತು ವ್ಯಾಪಾರ ಮಾಡುವ ಸಣ್ಣ ಕಿರಾಣಿ ಅಂಗಡಿಯವರಿಗೂ ವಾದಕ್ಕೆ ಅವಕಾಶವಿದೆ. ಆರು ಕಾರ್ಮಿಕರುಳ್ಳ, ಸಂಸ್ಥೆಯ ಹೆಸರಿನಲ್ಲಿ ಬಿಲ್ ಪಡೆದು ಹೂಡುವಳಿ ತೆರಿಗೆ ಜಮೆಯನ್ನೂ ಪಡೆದ ಕಲ್ಲು ಘಟಕದ ಮಾಲೀಕರ ದಾರಿ ಮಾತ್ರ ಕಠಿಣ. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯೊಂದೇ ನಿರ್ಣಾಯಕವಲ್ಲದಿದ್ದರೂ ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಅದನ್ನೇ. ಗ್ರಾಹಕ ಆಯೋಗದ ಬಾಗಿಲು ಮುಚ್ಚಿದರೂ ವರ್ತಕರು ನಿರ್ಗತಿಕರಲ್ಲ. ಸರಕು ಮಾರಾಟ ಕಾಯ್ದೆ, 1930ರ 16ನೆಯ ಕಲಮಿನಂತೆ, ಆ ಬಗೆಯ ಸರಕಿನ ವ್ಯಾಪಾರಿಯು ವಿವರಣೆಯ ಮೇರೆಗೆ ಮಾರಿದ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು ಎಂಬ ಷರತ್ತು ಅಂತರ್ಗತವಾಗಿರುತ್ತದೆ. ಆದರೆ ಸಿವಿಲ್ ದಾವೆಯ ವೆಚ್ಚ ಮತ್ತು ಕಾಲಾವಧಿಯನ್ನು ಒಂದು ಲ್ಯಾಪ್‌ಟಾಪಿನ ಬೆಲೆಯೊಡನೆ ತೂಗಿ ನೋಡಿದರೆ, ಆ ದಾರಿ ಹಿಡಿಯುವವರು ಕಡಿಮೆ.

ವಾರಂಟಿ ಮುಗಿದರೂ ಮುಗಿಯದ ದೋಷ

ವಾರಂಟಿ ಮುಗಿದ ಮಾತ್ರಕ್ಕೆ ತಯಾರಕರ ಹೊಣೆ ಯಾವಾಗಲೂ ಮುಗಿಯುವುದಿಲ್ಲ ಎಂಬುದಕ್ಕೆ ಲ್ಯಾಪ್‌ಟಾಪುಗಳ ಇತಿಹಾಸದಲ್ಲಿಯೇ ಸಾಕ್ಷ್ಯವಿದೆ. 2006ರ ಆಗಸ್ಟಿನಲ್ಲಿ ಡೆಲ್ ಕಂಪನಿಯು ಬೆಂಕಿಯ ಅಪಾಯದ ಕಾರಣ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಿತು. ಅವುಗಳಲ್ಲಿದ್ದ ಕೋಶಗಳನ್ನು ಸೋನಿ ತಯಾರಿಸಿತ್ತು. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಜೋಡಣೆಯ ಸಾಮಗ್ರಿಯ ದೌರ್ಬಲ್ಯದಿಂದ ನಿರೀಕ್ಷೆಗಿಂತ ಹೆಚ್ಚು ಪ್ರಮಾಣದಲ್ಲಿ ವಿಫಲವಾಗುತ್ತಿವೆ ಎಂದು ಪ್ರಕಟಿಸಿ, ದುರಸ್ತಿ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಹೇಳಿತು. ಅದನ್ನನುಸರಿಸಿ ಡೆಲ್ ಮತ್ತು ಎಚ್‌ಪಿ ಕೆಲವು ಮಾದರಿಗಳಿಗೆ ವಾರಂಟಿಯನ್ನು ವಿಸ್ತರಿಸಿದವು. ಅಲ್ಲಿಯವರೆಗೆ 'ನಿಮ್ಮ ವಾರಂಟಿ ಮುಗಿದಿದೆ' ಎಂಬ ಉತ್ತರ ಕೇಳಿ ಸುಮ್ಮನಾಗಿದ್ದವರ ದೋಷವು ಅವರೊಬ್ಬರದೇ ಆಗಿರಲಿಲ್ಲ. ಆದ್ದರಿಂದ ಅದೇ ಮಾದರಿಯ ಬೇರೆ ಯಂತ್ರಗಳಲ್ಲಿಯೂ ಅದೇ ದೋಷ ಕಂಡಿದೆಯೇ, ತಯಾರಕರು ಯಾವುದಾದರೂ ವಿಶೇಷ ಸೇವಾ ಯೋಜನೆ ಪ್ರಕಟಿಸಿದ್ದಾರೆಯೇ ಎಂದು ವಿಚಾರಿಸುವುದು ವ್ಯರ್ಥವಲ್ಲ.

ಆದರೂ ತಯಾರಿಕೆಯಲ್ಲಿಯೇ ದೋಷವಿತ್ತೆಂದು ತೋರಿಸುವ ಹೊಣೆ ದೂರು ನೀಡುವವರದು. ಧೂಳು, ನೀರು, ವಿದ್ಯುತ್ ಏರಿಳಿತಗಳಿಂದ ಕೆಟ್ಟಿದ್ದರೆ ಆ ವಾದ ನಿಲ್ಲುವುದಿಲ್ಲ. ತಂತ್ರಜ್ಞರ ಲಿಖಿತ ವರದಿ, ತೆಗೆದುಹಾಕಿದ ಹಳೆಯ ಬಿಡಿಭಾಗ ಮತ್ತು ಛಾಯಾಚಿತ್ರಗಳು ಇಲ್ಲಿ ನೆರವಾಗುತ್ತವೆ.

ದೂರಿನ ಕ್ರಮ

ಗ್ರಾಹಕರ ವ್ಯಾಖ್ಯೆಯೊಳಗೆ ಬರುವವರು ಮೊದಲು ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಇ-ಮೇಲ್ ಮೂಲಕ ಬರೆಯಬೇಕು. ಫೋನಿನಲ್ಲಿ ಆಡಿದ ಮಾತನ್ನು ಅದೇ ದಿನ ಎರಡು ಸಾಲಿನಲ್ಲಿ ಬರೆದು ಕಳುಹಿಸಿದರೆ ಅದೇ ದಾಖಲೆಯಾಗುತ್ತದೆ. ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಸಫಲವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯ 34ನೆಯ ಕಲಮಿನಂತೆ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದರೂ ಚಿಂಚೋಳಿಯವರು ಅಲ್ಲಿಗೆ ಹೋಗಬೇಕಾಗಿಲ್ಲ, ಕಲಬುರಗಿ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ಅಂತರಜಾಲ ವ್ಯವಸ್ಥೆಯ ಮೂಲಕವೂ ದೂರು ಸಲ್ಲಿಸುವ ಅವಕಾಶ ದೊರೆತಿದೆ.

ಗ್ರಾಹಕರ ವ್ಯಾಖ್ಯೆಗೆ ಒಳಪಡದ ಉದ್ದಿಮೆದಾರರು ರಕ್ಷಣೆಯನ್ನು ಖರೀದಿಯ ಹೊತ್ತಿಗೇ ಕೊಂಡುಕೊಳ್ಳುವುದು ಜಾಣತನ. ಮೂರು ವರ್ಷಗಳ ವಾರಂಟಿಯನ್ನು ಯಂತ್ರದೊಡನೆಯೇ ಪಡೆಯಬಹುದು. ಇಲ್ಲವೇ ಮೊದಲ ವಾರಂಟಿ ಮುಗಿಯುವ ಮುನ್ನವೇ ವಿಸ್ತರಣೆ ಪಡೆಯಬೇಕು, ಏಕೆಂದರೆ ಮುಗಿದ ಮೇಲೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ತಂತ್ರಜ್ಞರು ಸ್ಥಳಕ್ಕೇ ಬರುವ ಸೌಲಭ್ಯವು ತಮ್ಮ ಊರಿನ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಬೇಕು. ಜಾಹೀರಾತಿನಲ್ಲಿರುವ ಸೌಲಭ್ಯ ಜಿಲ್ಲಾ ಕೇಂದ್ರದಲ್ಲಿಯೇ ನಿಂತುಬಿಡುವುದುಂಟು. ರ‍್ಯಾಮ್ ಮತ್ತು ಸಂಗ್ರಹದ ಡಿಸ್ಕನ್ನು ಬೋರ್ಡಿಗೆ ಬೆಸೆಯದೆ, ಬಿಚ್ಚಿ ಹಾಕುವಂತೆ ಇಟ್ಟಿರುವ ಮಾದರಿಯನ್ನು ಆರಿಸಿದರೆ ಬೋರ್ಡ್ ಕೆಟ್ಟರೂ ಡಿಸ್ಕನ್ನು ಹೊರತೆಗೆಯಬಹುದು. ವರ್ಷಕ್ಕೆರಡು ಬಾರಿ, ಧೂಳಿನ ಘಟಕಗಳಲ್ಲಿ ಇನ್ನೂ ಹೆಚ್ಚು ಬಾರಿ, ಪಂಖವನ್ನು ಸ್ವಚ್ಛಗೊಳಿಸುವ ವೆಚ್ಚವು ಒಂದು ಬೋರ್ಡಿನ ಬೆಲೆಯ ಮುಂದೆ ಅತ್ಯಲ್ಪ.

ಮಾರುವವರ ಸ್ಥಾನದಲ್ಲಿ ನಿಂತಾಗ

ಈ ಕಹಿ ಅನುಭವವು ಉದ್ದಿಮೆದಾರರಿಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಇಲ್ಲಿ ದೂರುವವರು ಬೇರೊಂದು ದಿನ ಮಾರುವವರೇ. ಬಿಲ್ ಕೊಡದಿರುವುದನ್ನೂ, ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನೂ 2019ರ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸಿದೆ. ಗಣಕಯಂತ್ರ ಮಾರುವ ಸ್ಥಳೀಯ ಅಂಗಡಿಯವರ ಪಾಡು ಇನ್ನೂ ವಿಚಿತ್ರ: ವಾರಂಟಿಯ ಮಾತು ಕೊಟ್ಟದ್ದು ಕಂಪನಿ, ಬೈಗುಳ ಕೇಳುವುದು ಅಂಗಡಿಯವರು. ಮಾರಿದ ದಿನವೇ ವಾರಂಟಿಯ ದಿನಾಂಕವನ್ನು ಗಿರಾಕಿಯ ಎದುರಿನಲ್ಲಿ ಸರಿಪಡಿಸಿ, ಸೇವಾ ಕೇಂದ್ರದ ವಿಳಾಸವನ್ನು ಬಿಲ್ಲಿನ ಹಿಂದೆ ಬರೆದುಕೊಡುವ ಅಂಗಡಿಯವರು ಮುಂದಿನ ಯಂತ್ರವನ್ನೂ ಮಾರುತ್ತಾರೆ.

ಒಬ್ಬೊಬ್ಬರೇ ಕರೆ ಮಾಡಿದಾಗ ಕಿವಿಗೊಡದ ಕಂಪನಿಗಳು ಐವತ್ತು ವರ್ತಕರು ಒಟ್ಟಾಗಿ ಬರೆದ ಪತ್ರವನ್ನು ಅಷ್ಟು ಸುಲಭವಾಗಿ ಬದಿಗಿಡಲಾರವು. ಸೇಡಂ ಅಥವಾ ಶಹಾಬಾದಿನಲ್ಲಿ ತಿಂಗಳಿಗೊಮ್ಮೆ ಸೇವಾ ಶಿಬಿರ ನಡೆಸುವಂತೆ, ದೂರಿನ ಸಂಖ್ಯೆಯನ್ನು ಕೇಳದೆಯೇ ಕೊಡುವಂತೆ, ಅಂದಾಜು ಪಟ್ಟಿಯಲ್ಲಿ ಬಿಡಿಭಾಗ ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ತೋರಿಸುವಂತೆ ಕೇಳುವುದು ನ್ಯಾಯಸಮ್ಮತವೇ. ವಾಣಿಜ್ಯ ಸಂಘಟನೆಗಳು ಸದಸ್ಯರಿಂದ ಇಂಥ ದೂರುಗಳನ್ನು ದಿನಾಂಕ ಮತ್ತು ಮಾದರಿಯ ಹೆಸರಿನೊಡನೆ ಸಂಗ್ರಹಿಸಿದರೆ ಅಂಥ ಪತ್ರಕ್ಕೆ ಆಧಾರ ಸಿದ್ಧವಾಗುತ್ತದೆ.

ಅಲ್ಲಿಯವರೆಗೆ ಪ್ರತಿಯೊಬ್ಬ ವರ್ತಕರೂ ಇಂದೇ ಮಾಡಬಹುದಾದ ಕೆಲಸವೊಂದಿದೆ. ಖರೀದಿ ಬಿಲ್ಲು, ಕ್ರಮಸಂಖ್ಯೆ, ವಾರಂಟಿ ಮುಗಿಯುವ ದಿನಾಂಕ, 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆ, ಇದುವರೆಗಿನ ದೂರಿನ ಸಂಖ್ಯೆಗಳು, ಕೊನೆಯ ಬ್ಯಾಕಪ್ ತೆರೆದು ನೋಡಿದ ದಿನ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡುವುದು. ಬರೆದಿಡಲು ಬೇರೆ ಪುಸ್ತಕ ಬೇಕಾಗಿಲ್ಲ. ದೀಪಾವಳಿಯಂದು ಪೂಜಿಸಿಟ್ಟ ಖಾತೆ ಪುಸ್ತಕದ ಎರಡನೆಯ ಪುಟ ಖಾಲಿಯೇ ಇದೆ.